ಆ ಕೋಣೆಯಲ್ಲಿ ಹಲ್ಲಿ ಇತ್ತೇ?

ಹಲ್ಲಿ ಇತ್ತು ಎಂದೇ ನನ್ನ ನೆನಪು. ಟ್ಯೂಬ್‌ಲೈಟಿನ ಪಟ್ಟಿಯ ಹಿಂದಿನಿಂದ ಅರ್ಧ ಮೈ ಹೊರಗೆ ಚಾಚಿ, ನಾನು ಬಾಯಿ ತೆರೆಯುವುದನ್ನೇ ಅದು ಕಾಯುತ್ತಿತ್ತು. ಆದರೆ ಆ ದಿನ ಆ ಕೋಣೆಯಲ್ಲಿದ್ದ ಉಳಿದ ಮೂವರು ಇಲ್ಲವೇ ಇಲ್ಲ ಎನ್ನುತ್ತಾರೆ. ಹೊಸದಾಗಿ ಬಣ್ಣ ಕಂಡ, ಏಸಿ ಹಾಕಿ ಕಿಟಕಿ ಬಿಗಿದ ಕೋಣೆಯಲ್ಲಿ ಹಲ್ಲಿಗೇನು ಕೆಲಸ ಎಂಬುದು ಅವರ ವಾದ. ಸಾಕ್ಷಿಗಳ ಮಾತನ್ನು ಹೇಗೆ ತೂಗಬೇಕು ಎಂದು ಹುಡುಗರಿಗೆ ವರ್ಷಗಟ್ಟಲೆ ಪಾಠ ಹೇಳಿದವನು ನಾನು. ನನ್ನದೇ ಪಾಠದ ಪ್ರಕಾರ ಈ ಮೊಕದ್ದಮೆಯಲ್ಲಿ ನಾನು ಸೋಲಬೇಕು. ಆದರೂ ಹಲ್ಲಿಯನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಅದು ಇಲ್ಲದಿದ್ದರೆ, ಅಂದು ನಾನಾಡಿದ ಮಾತಿಗೆ ಬೇರೆ ಕಾರಣ ಹುಡುಕಬೇಕಾಗುತ್ತದೆ.

ಮೊದಲು ಕುಷ್ಟಗಿಯ ಒಂದು ಪದವಿ ಕಾಲೇಜಿನಲ್ಲಿ ಸಮಾಜಶಾಸ್ತ್ರ ಹೇಳುತ್ತಿದ್ದೆ. ಒಂದೇ ಕುರ್ಚಿಯಲ್ಲಿ ಬಹಳ ಕಾಲ ಕೂರುವ ಗುಣ ನನ್ನದಲ್ಲ. ಕೊಪ್ಪಳದ ಹೊರಗೆ ಒಂದು ಟ್ರಸ್ಟು ನಡೆಸುವ ಸಣ್ಣ ವೈದ್ಯಕೀಯ ಕಾಲೇಜಿಗೆ ಇಂಗ್ಲಿಷೂ ಗೊತ್ತಿರುವ, ಊರ ಮಾತೂ ಗೊತ್ತಿರುವ ಒಬ್ಬ ಮನುಷ್ಯ ಬೇಕೆಂದು ಕೇಳಿ, ಏನು ಕೆಲಸ ಎಂದು ವಿಚಾರಿಸದೆ ಹೋಗಿ ಸೇರಿಕೊಂಡೆ. ಆ ಕಾಲೇಜು ಕಡಲಾಚೆಯ ಒಂದು ವಿಶ್ವವಿದ್ಯಾಲಯದ ಮೆಡಿಕಲ್ ಸ್ಕೂಲಿನೊಂದಿಗೆ ಒಪ್ಪಂದ ಮಾಡಿಕೊಂಡಿತ್ತು. ಅವರ ಪ್ರಾಧ್ಯಾಪಕರು ಇಲ್ಲಿಗೆ ಬಂದು ನಮ್ಮ ಹುಡುಗರಿಗೆ ಕಲಿಸುವುದು, ನಮ್ಮವರು ಅವರ ಕ್ರಮ ಕಲಿಯುವುದು. ಕಾಗದದ ಮೇಲೆ ಈ ವ್ಯವಹಾರಕ್ಕೆ ಉದ್ದನೆಯ ಹೆಸರಿತ್ತು. ಕ್ಯಾಂಟೀನಿನಲ್ಲಿ ಮಾತ್ರ ಎಲ್ಲರೂ ಅದನ್ನು ಬೀಗತನ ಎಂದೇ ಕರೆಯುತ್ತಿದ್ದರು. ನಾವು ಹೆಣ್ಣಿನ ಕಡೆಯವರು ಎನ್ನುವುದರಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಂದಾಗಲೆಲ್ಲ ಹೋಳಿಗೆ ಮಾಡಿಸಿ, ಇಟಗಿಯ ಗುಡಿ ತೋರಿಸಿ, ಅವರು ಏನಂದರೂ ಹೌದೆನ್ನುವವರು ನಾವೇ ಆಗಿದ್ದೆವು.

ಬೀಗರು ತಂದ ಕ್ರಮಗಳಲ್ಲಿ ಮುಖ್ಯವಾದದ್ದು ಒಂದು. ನಿಜವಾದ ರೋಗಿಯ ಮುಂದೆ ಕೂರುವ ಮೊದಲು ವಿದ್ಯಾರ್ಥಿ, ರೋಗಿಯ ಪಾತ್ರ ಮಾಡುವವರ ಮುಂದೆ ಕೂತು ಮಾತಾಡಲು ಕಲಿಯಬೇಕು. ಊರಿನ ಆರೋಗ್ಯವಂತರಿಗೆ ಒಂದೊಂದು ಕಾಯಿಲೆಯ ಕಥೆ ಬಾಯಿಪಾಠ ಮಾಡಿಸಬೇಕು. ವಿದ್ಯಾರ್ಥಿ ಕೇಳಿದ್ದಕ್ಕೆ ಅವರು ಅದರಂತೆ ಉತ್ತರಿಸಬೇಕು. ಪರೀಕ್ಷಕರು ಪಕ್ಕದಲ್ಲಿ ಕೂತು ಅಂಕ ಹಾಕಬೇಕು. ಈ ಪಾತ್ರಧಾರಿಗಳನ್ನು ಹುಡುಕಿ ತಯಾರು ಮಾಡುವುದೇ ನನ್ನ ಕೆಲಸ ಎಂದು ಸೇರಿದ ಮೇಲೆ ತಿಳಿಯಿತು. ಮಾತಿಗೆ ಬರಗಾಲವಿಲ್ಲದ ಜಿಲ್ಲೆಯಲ್ಲಿ ಇದಕ್ಕಿಂತ ಸುಲಭದ ನೌಕರಿ ಇಲ್ಲ ಅಂದುಕೊಂಡೆ.

ಮೊದಲು ಒಪ್ಪಿದವಳು ನನ್ನ ಸೋದರತ್ತೆ, ಅಪ್ಪನ ತಂಗಿ. ಗಂಗಾವತಿಯಲ್ಲಿ ಅಕ್ಕಿ ಗಿರಣಿಯವರ ಮನೆ ಸೇರಿದವಳು. ಗಿರಣಿಯ ಸದ್ದಿನ ನಡುವೆ ಬದುಕಿ ಮೆಲ್ಲಗೆ ಮಾತಾಡುವುದೆಂದರೇನೆಂದೇ ಅವಳಿಗೆ ಗೊತ್ತಿಲ್ಲ. ಎರಡನೆಯವರು ಯಲಬುರ್ಗಾದ ಒಬ್ಬ ಮುದಿ ನಟ. ನಾಟಕ ಕಂಪನಿಗಳಲ್ಲಿ ಆಯುಷ್ಯವಿಡೀ ಖಳನಾಯಕನಾಗಿ ಮೆರೆದು, ಪ್ರತಿ ಆಟದ ಕೊನೆಗೆ ಹೊಡೆತ ತಿಂದು ಸತ್ತವರು. ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. ಇನ್ನು ಕೆಲವರು ಕೊಪ್ಪಳದವರೇ ಸಿಕ್ಕರು.

ಮೊದಲ ದಿನದ ತಾಲೀಮಿಗೆ ಎಲ್ಲರನ್ನೂ ಕೂರಿಸಿ, ಅತ್ತೆಗೆ ಅವಳ ಪಾತ್ರ ಓದಿ ಹೇಳಿದೆ. ಸಕ್ಕರೆ ಕಾಯಿಲೆ, ಕಾಲು ಜುಮುಗುಡುವುದು, ಕಣ್ಣು ಮಂಜು. ಅತ್ತೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು.

"ಏ ತಮ್ಮಾ, ನಿನಗ ನಾ ಏನ್ ಅನ್ಯಾಯ ಮಾಡೀನೋ?"

"ಯಾಕತ್ತಿ?"

"ನನ್ನ ಬಾಯಿಲೆ ನನಗ ರೋಗ ಬೇಡ್ಕೊ ಅಂತೀಯಲ್ಲೋ. ಅಸ್ತು ದೇವತಿ ಮ್ಯಾಲೆ ತಿರುಗ್ಯಾಡ್ತಿರತೈತಿ. ನಾ ಸಕ್ರಿ ಬ್ಯಾನಿ ಐತಿ ಅನ್ನೂದು, ಅದು ಅಸ್ತು ಅನ್ನೂದು. ಆಮ್ಯಾಗ ನನ್ನ ಹೋಳಗಿ ನೀ ತಿಂತೀಯಾ?"

ಕೋಣೆಯಲ್ಲಿದ್ದ ಎಲ್ಲ ತಲೆಗಳೂ ಅಲ್ಲಾಡಿದವು. ಇದು ನನಗೆ ಗೊತ್ತಿಲ್ಲದ ನಂಬಿಕೆಯೇನಲ್ಲ. ಬಾಯಿ ತಪ್ಪಿ ಕೆಟ್ಟದ್ದು ಆಡಿದಾಗ ಯಾವುದೋ ದೇವತೆ ತಥಾಸ್ತು ಎಂದುಬಿಡುತ್ತದೆ ಎಂದು ಹೆದರಿಸಿಯೇ ನಮ್ಮನ್ನು ಬೆಳೆಸಿದ್ದರು. ಮಾತಿನ ನಡುವೆ ಗೋಡೆಯ ಹಲ್ಲಿ ಲೊಚಗುಟ್ಟಿದರೆ ಕೇಸು ಇನ್ನೂ ಗಟ್ಟಿ. ಆಡಿದ ಮಾತು ನಿಜವಾಗುತ್ತದೆ. ಅತ್ತೆ ಈಗಲೂ ಹಲ್ಲಿಯ ಸದ್ದು ಕೇಳಿದ ಕೂಡಲೇ ಕೈಗೆ ಸಿಕ್ಕ ಜಾಗಕ್ಕೆ ಬೆರಳಿನಿಂದ ಕುಟ್ಟಿ ಕೃಷ್ಣ ಕೃಷ್ಣ ಎನ್ನುತ್ತಾಳೆ. ಧಾರವಾಡದಲ್ಲಿ ಎಂ.ಎ. ಓದುವಾಗ ಇಂಥ ನಂಬಿಕೆಗಳ ಮೇಲೆ ಒಂದು ಪ್ರಬಂಧ ಬರೆದು ಮೇಷ್ಟ್ರಿಂದ ಶಭಾಸ್ ಅನ್ನಿಸಿಕೊಂಡವನು ನಾನು. ಅದನ್ನೇ ಅತ್ತೆಗೆ ವಿವರಿಸಿದೆ. ಕಾರ್ಯ, ಕಾರಣ, ಕಾಕತಾಳೀಯ ಎಲ್ಲವನ್ನೂ ಹೇಳಿದೆ.

"ಛಲೋ ಹೇಳಿದಿ," ಎಂದಳು ಅತ್ತೆ. "ಈಗ ನೀನ ಅನ್ನು ನೋಡೂಣು. ನನಗ ಸಕ್ರಿ ಬ್ಯಾನಿ ಐತಿ ಅನ್ನು."

ಅಂದೆ ಎಂದು ನನ್ನ ನೆನಪು. ಆಗ ನನಗೊಂದು ಫೋನ್ ಬಂತು, ನಾನು ಹೊರಗೆ ಹೋದೆ ಎಂದು ಅತ್ತೆ ಹೇಳುತ್ತಾಳೆ. ಫೋನ್ ಬಂದದ್ದೂ ನಿಜವಿರಬಹುದು.

ಕಾಕಾ ಹಿರಿಯರು, ರಂಗದವರು. ಅವರಾದರೂ ದಾರಿ ತೋರುತ್ತಾರೆ ಎಂದುಕೊಂಡೆ. ಅವರ ಪಾಲಿಗೆ ಎದೆನೋವು ಬಂದಿತ್ತು.

"ಕಾಕಾ, ನೀವು ಸ್ಟೇಜಿನ ಮ್ಯಾಲೆ ಎಷ್ಟ್ ಸಲ ಸತ್ತೀರಿ? ನಿಮಗೇನ್ ಅಂಜಿಕಿ?"

"ಸರ, ಅದು ಬಣ್ಣ ಹಚ್ಚಿಕೊಂಡು ಸತ್ತಿದ್ದು," ಎಂದರು ಕಾಕಾ ಗಂಭೀರವಾಗಿ. "ಬಣ್ಣ ಇದ್ರ ಅದು ಪಾತ್ರ. ಅಸ್ತು ದೇವತಿಗೂ ತಿಳೀತೈತಿ, ಇಂವ ಖರೇ ಮನಷ್ಯಾ ಅಲ್ಲ ಅಂತ. ಬರೇ ಮುಖದಾಗ ಕುಂತು ಎದಿ ನೋವು ಅಂದ್ರ, ಅದು ನಾನ ಆತು. ಒಂದೀಟು ಪೌಡರ್, ಕೆನ್ನಿಗೆ ಕೆಂಪು ಹಚ್ಚಾಕ ಬಿಡ್ರಿ, ನೀವು ಹೇಳಿದ ರೋಗ ಎಲ್ಲಾ ತರಸ್ತೀನಿ."

ಹೀಗಾಗಿ ನಮ್ಮಲ್ಲಿ ಎರಡು ಪಂಥಗಳಾದವು. ಕಾಕಾ ಬಣ್ಣ ಹಚ್ಚಿಕೊಂಡು ರೋಗಿಯಾದರು. ಮೊದಲ ತಾಲೀಮಿನಲ್ಲೇ ಅವರ ಕೆಂಪು ಕೆನ್ನೆ ನೋಡಿದ ವಿದ್ಯಾರ್ಥಿಯೊಬ್ಬ ಎದೆನೋವು ಕೇಳುವುದು ಬಿಟ್ಟು ಜ್ವರ ಎಷ್ಟು ದಿನದಿಂದ ಎಂದು ಶುರುಮಾಡಿದ. ಉಳಿದವರು ತಮಗೆ ಕೊಟ್ಟ ಕಾಯಿಲೆಯನ್ನು ನೆಂಟರ ತಲೆಗೆ ಕಟ್ಟಿದರು. ಅತ್ತೆ ತನ್ನ ಸಕ್ಕರೆ ಕಾಯಿಲೆಯನ್ನು ನೆಗೆಣ್ಣಿಗೆ, ಅಂದರೆ ಗಂಡನ ತಮ್ಮನ ಹೆಂಡತಿಗೆ, ಸಂತೋಷದಿಂದ ದಾನ ಮಾಡಿದಳು. ಗಂಗಾವತಿಯ ಆ ಮನೆಯಲ್ಲಿ ಇವರಿಬ್ಬರ ನಡುವೆ ಮಾತು ನಿಂತು ಬಹಳ ಕಾಲವಾಗಿತ್ತು. "ನಮ್ಮ ನೆಗೆಣ್ಣಿಗೆ ಕಾಲು ಜುಮು ಜುಮು ಅಂತಾವ್ರಿ, ಕಣ್ಣೂ ಕಾಣಂಗಿಲ್ರಿ" ಎನ್ನುವಾಗ ಅವಳ ಮುಖದ ಮೇಲೆ ಕಂಡ ತೇಜಸ್ಸನ್ನು ಯಾವ ನಟರಲ್ಲೂ ನಾನು ಕಂಡಿಲ್ಲ.

ಪರೀಕ್ಷೆ ಹತ್ತಿರ ಬರಲಿ, ಸರಿಹೋಗುತ್ತಾರೆ ಎಂದು ನಮ್ಮ ವಿಭಾಗದ ಮುಖ್ಯಸ್ಥರಿಗೆ ಹೇಳಿದೆ. ಅವರು ಮೃದು ಸ್ವಭಾವದ ವೈದ್ಯರು. ಬೀಗರ ಮುಂದೆ ಮರ್ಯಾದೆ ಹೋಗಬಾರದು ಎನ್ನುವುದೊಂದೇ ಅವರ ಚಿಂತೆ.

ಚಿಂತೆ ಇನ್ನೊಬ್ಬಳಿಗೂ ಇತ್ತು, ಅದು ನಿಜವಾದ ಚಿಂತೆ. ಯಲಬುರ್ಗಾ ಕಡೆಯ ಒಕ್ಕಲುತನದ ಮನೆಯಿಂದ ಬಂದ ವಿದ್ಯಾರ್ಥಿನಿ ಅವಳು. ಓದಿನಲ್ಲಿ ಚುರುಕು, ಮಾತಿನಲ್ಲಿ ಕುಡುಗೋಲು. ಈ ಮಾತಾಡಿಸುವ ಪರೀಕ್ಷೆಯಲ್ಲಿ ಹಿಂದಿನ ಸಲ, ನಾನು ಸೇರುವ ಮೊದಲು ಸಿಬ್ಬಂದಿಯನ್ನೇ ರೋಗಿಗಳಾಗಿ ಕೂರಿಸಿದ್ದಾಗ, ಅವಳೊಬ್ಬಳೇ ಫೇಲಾಗಿದ್ದಳು. ಕೇಳಬೇಕಾದ್ದನ್ನೆಲ್ಲ ಕೇಳಿದ್ದಳು, ರೋಗವನ್ನೂ ಸರಿಯಾಗಿ ಹಿಡಿದಿದ್ದಳು. ಆದರೆ ಸಹಾನುಭೂತಿ ಕಾಣಲಿಲ್ಲ ಎಂದು ಪರೀಕ್ಷಕರು ಬರೆದಿದ್ದರು. ಈ ಸಲವೂ ಹೋದರೆ ಅವಳ ಜೊತೆಯವರು ವಾರ್ಡಿಗೆ ಹೋಗುತ್ತಾರೆ, ಇವಳು ಅರ್ಧ ವರ್ಷ ಹಿಂದಿನ ತರಗತಿಯವರ ಜೊತೆ ಉಳಿಯಬೇಕು.

"ಫೇಲ್ ಆಗೂದಕ್ಕ ಅಂಜಂಗಿಲ್ರಿ ಸರ," ಎಂದಿದ್ದಳು ನನ್ನ ಬಳಿ. "ಆ ಜೂನಿಯರ್ ಹುಡುಗ್ರು ಅಕ್ಕಾ ಅಕ್ಕಾ ಅನ್ಕೋಂತ ನೋಟ್ಸ್ ಕೊಡಾಕ ಬರ್ತಾರಲ್ರಿ, ಅದಕ್ಕ ಅಂಜ್ತೀನಿ." ಹಾಗೆನ್ನುತ್ತ ನಕ್ಕಳು, ಆದರೆ ಕೈಯಲ್ಲಿದ್ದ ಸ್ಟೆತಾಸ್ಕೋಪಿನ ರಬ್ಬರನ್ನು ತಿರುಚುತ್ತಲೇ ಇದ್ದಳು.

ಅವಳಿಗೆ ಸಹಾನುಭೂತಿ ಕಲಿಸುವ ಹೊಣೆ ನನ್ನದಾಯಿತು. ಅದಕ್ಕೆ ಬೀಗರು ಕೊಟ್ಟ ಕೆಲವು ವಾಕ್ಯಗಳಿದ್ದವು. ನಾನೇ ಅವನ್ನು ಕನ್ನಡಕ್ಕೆ ತಂದಿದ್ದೆ. ಅತ್ತೆಯನ್ನು ರೋಗಿಯಾಗಿ ಕೂರಿಸಿ ಅಭ್ಯಾಸ ಶುರುಮಾಡಿದೆ. ಅತ್ತೆ ನೆಗೆಣ್ಣಿಯ ಕಾಲಿನ ಕಥೆ ಹೇಳಿದಳು. ಹುಡುಗಿ ಒಂದು ಕ್ಷಣ ಸೂರು ನೋಡಿ, ಬಾಯಿಪಾಠ ಒಪ್ಪಿಸಿದಳು:

"ಅದು ನಿಮಗೆ ಬಹಳ ಕಷ್ಟವಾಗಿರಬೇಕು. ನಿಮ್ಮ ನೋವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ."

ಅತ್ತೆ ಗಾಬರಿಯಾಗಿ ನನ್ನ ಕಡೆ ತಿರುಗಿದಳು. "ಯಾರ್ ತೀರ್ಕೊಂಡ್ರೋ?"

"ಯಾರೂ ಇಲ್ಲತ್ತಿ, ಆಕಿ ನಿನ್ನ ಸಮಾಧಾನ ಮಾಡಾಕತ್ಯಾಳ."

"ಹಿಂಗಾ? ಮಾರಿ ನೋಡಿದ್ರ ಸುದ್ದಿ ತಂದಂಗಿತ್ತವ್ವಾ."

ಹುಡುಗಿ ಕಾಗದ ಕೆಳಗಿಟ್ಟಳು. "ಸರ, ಇದನ್ನ ಬರದವ್ರು ಎಂದೂ ದವಾಖಾನಿ ಮೆಟ್ಟಿಲಾ ಹತ್ತಿಲ್ಲ ಬಿಡ್ರಿ."

"ನಾನೇ ಬರೆದದ್ದು."

"ಅದಕ್ಕ ಅಂದೆ, ಸರ."

ಅವಳು ಹೇಳಿದ್ದು ಸರಿಯಾಗಿತ್ತು. ದವಾಖಾನೆಯ ಮೆಟ್ಟಿಲನ್ನು ನಾನು ಬೇಕೆಂತಲೇ ತಪ್ಪಿಸುತ್ತಿದ್ದೆ. ಕಾಲೇಜಿನಲ್ಲಿ ನನ್ನ ಕೋಣೆ ಮೇಲಿನ ಮಹಡಿಯಲ್ಲಿ. ಕೆಲವು ವಾರಗಳಿಂದ ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಏನೋ ಹಿಡಿದಂತಾಗಿ, ನಡುವೆ ನಿಂತು ಗೋಡೆಯ ಮೇಲಿನ ಸೂಚನೆಗಳನ್ನು ಓದುವ ಅಭ್ಯಾಸ ಮಾಡಿಕೊಂಡಿದ್ದೆ. ಆ ಸೂಚನೆಗಳೆಲ್ಲ ನನಗೆ ಬಾಯಿಪಾಠ. ಗ್ಯಾಸ್ ಎಂದು ನಾನೇ ತೀರ್ಪು ಕೊಟ್ಟುಕೊಂಡಿದ್ದೆ. ಬೆಳಿಗ್ಗೆ ಮಂಡಾಳ, ಅಂದರೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನುವವನಿಗೆ ಗ್ಯಾಸ್ ಅಲ್ಲದೆ ಇನ್ನೇನು? ಅಪ್ಪ ಇದೇ ವಯಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತದ್ದು, ಅವನೂ ಗ್ಯಾಸ್ ಅಂದದ್ದು ನೆನಪಾಗುತ್ತಿತ್ತು. ನೆನಪಿನ ಮೇಲೆ ಭರವಸೆ ಇಡಬಾರದು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಸುತ್ತ ಕಣ್ಣು ಹಾಯಿಸಿದಲ್ಲೆಲ್ಲ ಬಿಳಿ ಕೋಟುಗಳಿದ್ದವು, ಯಾರಿಗೂ ಹೇಳಿರಲಿಲ್ಲ.

ಪರೀಕ್ಷೆಯ ದಿನ ಬಂತು. ಬೀಗರ ಕಡೆಯಿಂದ ಬಂದ ಪ್ರಾಧ್ಯಾಪಕಿ ಎತ್ತರದ ಹೆಂಗಸು, ಗಿಡ್ಡ ಬಿಳಿ ಕೂದಲು, ನಗು ಸ್ವಲ್ಪ ಕಡಿಮೆ. ಹಿಂದಿನ ಸಲ ಆ ಹುಡುಗಿಯನ್ನು ಫೇಲು ಮಾಡಿದವರೂ ಅವರೇ. ಬೆಳಿಗ್ಗೆ ಎಲ್ಲರಿಗೂ "ಆರಾಮ ಇದ್ದೀರಿ?" ಎಂದು ಕೇಳುತ್ತ ಬಂದರು. ಅದೊಂದೇ ಅವರ ಕನ್ನಡ, ಅದನ್ನು ಅವರು ಮಿತವಾಗಿ ಬಳಸುತ್ತಿದ್ದರು. ಆ ಹುಡುಗಿಯ ಪಾಲಿಗೆ ಬಂದದ್ದು ಎದೆನೋವಿನ ರೋಗಿ, ಅಂದರೆ ಕಾಕಾ. ಪ್ರಾಧ್ಯಾಪಕಿ ಪರೀಕ್ಷಕರು, ವಿಭಾಗದ ಮುಖ್ಯಸ್ಥರು ಅವರ ಕಿವಿಯಲ್ಲಿ ಅನುವಾದ ಮಾಡುವವರು.

ಕಾಕಾ ಬಣ್ಣ ಹಚ್ಚಿಕೊಂಡು, ಮೀಸೆ ತಿದ್ದಿಕೊಂಡು, ಹುಬ್ಬಿಗೆ ಕಾಡಿಗೆ ಎಳೆದುಕೊಂಡು ಬಂದು ಕೂತರು. ಪ್ರಾಧ್ಯಾಪಕಿ ಅವರನ್ನು ನೋಡಿ ನನ್ನನ್ನು ನೋಡಿದರು. ರೋಗಿಯ ಚರ್ಮದ ಬಣ್ಣ ನೋಡುವುದೂ ಪರೀಕ್ಷೆಯ ಭಾಗ, ದಯವಿಟ್ಟು ಮುಖ ತೊಳೆದುಕೊಂಡು ಬರಲಿ ಎಂದರು. ನಾನು ಅದನ್ನು ಕಾಕಾಗೆ ಆದಷ್ಟು ಮೆತ್ತಗೆ ತಿಳಿಸಿದೆ.

"ಮುಖ ತೊಳ್ಕೋತೀನ್ರಿ," ಎಂದರು ಕಾಕಾ. "ತೊಳ್ಕೊಂಡು ಸೀದಾ ಯಲಬುರ್ಗಿ ಬಸ್ ಹತ್ತತೀನಿ. ತೊಳದ ಮಾರಿಲೆ ಎದಿನೋವು ಅನ್ನೂದು ಆಗಂಗಿಲ್ಲ. ಮನ್ಯಾಗ ಬಸುರಿ ಮೊಮ್ಮಗಳ ಕುಬಸ ಐತ್ರಿ."

ಹಾಗೇ ಮಾಡಿದರು ಕೂಡ. ಮುಖ್ಯಸ್ಥರು ನನ್ನ ಮೊಣಕೈ ಹಿಡಿದು ಮೂಲೆಗೆ ಎಳೆದರು. "ನೀವ ಕುಂದರ್ರಿ. ಕಥಿ ಬರದವ್ರ ನೀವು. ಜಲ್ದಿ, ಬೀಗ್ತಿ ಗಡಿಯಾರ ನೋಡಾಕತ್ಯಾರ." ಬೇರೆ ಯಾರನ್ನಾದರೂ ಕರೆಯಬಹುದೇ ಎಂದೆ. ಉಳಿದವರೆಲ್ಲ ಬೇರೆ ಕೋಣೆಗಳಲ್ಲಿ ತಮ್ಮ ತಮ್ಮ ನೆಂಟರ ಕಾಯಿಲೆ ಹೇಳುತ್ತ ಕೂತಿದ್ದರು. ಅತ್ತೆ ತನ್ನ ಸರದಿ ಮುಗಿಸಿ ಹೊರಗಿನ ಬೆಂಚಿನ ಮೇಲಿದ್ದಳು. ಬಾಗಿಲಿನ ಗಾಜಿನಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿದ್ದ ಕುತೂಹಲ ನನಗೆ ಹಿಡಿಸಲಿಲ್ಲ.

ನಾನು ಹಾಸಿಗೆಯ ಅಂಚಿನಲ್ಲಿ ಕೂತೆ. ಹುಡುಗಿ ಒಳಗೆ ಬಂದಳು. ಕಾಕಾನ ಬದಲು ನನ್ನನ್ನು ಕಂಡು ಹೆಜ್ಜೆ ತಡವರಿಸಿತು. ಕೂತಳು, ತಾನು ಯಾರೆಂದು ಹೇಳಿದಳು. ಮುಖ್ಯಸ್ಥರು ಪ್ರಾಧ್ಯಾಪಕಿಯ ಕಿವಿಯ ಬಳಿ ಬಾಗಿದರು.

"ಏನ್ ತ್ರಾಸ ಐತ್ರಿ?"

ನನಗೆ ಎದೆನೋವು ಎನ್ನಬೇಕಿತ್ತು. ಕಥೆ ನನ್ನದೇ ಕೈಬರಹದ್ದು. ಮೆಟ್ಟಿಲು ಹತ್ತುವಾಗ ಎದೆಯ ನಡುವೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ ಎಂದು ಬರೆದಿದ್ದೆ. ಯಾವ ಪುಸ್ತಕ ನೋಡಿ ಬರೆದೆನೋ ನೆನಪಿಲ್ಲ. ನೋಡಿದ್ದೆನೋ ಇಲ್ಲವೋ ಅದೂ ನೆನಪಿಲ್ಲ. ಬಾಯಿ ತೆರೆದೆ. ಅಷ್ಟರಲ್ಲಿ ಟ್ಯೂಬ್‌ಲೈಟಿನ ಹಿಂದೆ ಅದು ಕಂಡಿತು. ನನಗೆ ಎನ್ನುವಷ್ಟರಲ್ಲಿ ಲೊಚ್ ಲೊಚ್ ಅಂದಿತು.

"ನನಗ... ನನಗ ಒಬ್ಬ ಅಣ್ಣ ಅದಾನ್ರಿ," ಎಂದೆ. "ಅವಗ ಎದಿನೋವು."

ನನಗೆ ಅಣ್ಣನಿಲ್ಲ. ತಮ್ಮನೂ ಇಲ್ಲ. ಬಾಗಿಲಿನ ಆಚೆಯಿಂದ ಅತ್ತೆಯ ಕೆಮ್ಮು ಕೇಳಿಸಿತು.

ಮುಖ್ಯಸ್ಥರ ಅನುವಾದ ನಿಂತಿತು. ಪ್ರಾಧ್ಯಾಪಕಿ ತಲೆ ಎತ್ತಿದರು. ಹುಡುಗಿ ನನ್ನನ್ನು ನೋಡುತ್ತಿದ್ದಳು. ಅವಳ ಇಡೀ ಅರ್ಧ ವರ್ಷ ನನ್ನ ಬಾಯಲ್ಲಿತ್ತು, ನಾನದನ್ನು ಇಲ್ಲದ ಅಣ್ಣನ ಕೈಗೆ ಕೊಟ್ಟಿದ್ದೆ. ಈಗ ಅವಳು ಆ ಬಾಯಿಪಾಠದ ವಾಕ್ಯ ಹೇಳುತ್ತಾಳೆ, ಎಲ್ಲ ಮುಗಿಯುತ್ತದೆ ಅಂದುಕೊಂಡೆ. ಅವಳು ಹಾಸಿಗೆಯ ಮೇಲಿದ್ದ ತಲೆದಿಂಬು ಎತ್ತಿ ನನ್ನ ತೊಡೆಯ ಮೇಲೆ ಇಟ್ಟಳು.

"ಅಣ್ಣಾರು ಬಂದಿಲ್ಲಲ್ರಿ. ಇದ ಅಣ್ಣಾರು ಅನ್ಕೋರಿ. ನಿಮ್ಮ ಮೈಮ್ಯಾಲೆ ತೋರಸಬ್ಯಾಡ್ರಿ, ಇದರ ಮ್ಯಾಲೆ ತೋರಸ್ರಿ. ಎಲ್ಲಿ ನೋಯ್ತೈತಂತಾರ?"

ನಮ್ಮ ಕಡೆ ಇನ್ನೊಬ್ಬರ ಗಾಯವನ್ನು ನಮ್ಮ ಮೈಮೇಲೆ ಗುರುತು ಮಾಡಿ ತೋರಿಸಬಾರದು. ತೋರಿಸಿದರೆ ನಮಗೂ ಹತ್ತುತ್ತದೆ ಎನ್ನುತ್ತಾರೆ. ಅವಳ ಮನೆಯಲ್ಲೂ ಹಾಗೇ ಹೇಳಿ ಬೆಳೆಸಿರಬೇಕು. ನಾನು ತಲೆದಿಂಬಿನ ನಡುಮಧ್ಯೆ ಕೈ ಇಟ್ಟೆ.

"ಕೈಗೆ, ದವಡಿಗೆ ನೋವು ಏನರ ಹರೀತೈತೇನ್ರಿ?"

"ಇಲ್ಲ ಅಂತಾನ."

"ಬೆವರು?"

"ಬೆವರತಾನ. ಆದ್ರ ನಮ್ಮ ಕೊಪ್ಪಳದ ಬಿಸಲಿಗೆ ಯಾರ್ ಬೆವರಂಗಿಲ್ರಿ?"

"ಅದನ್ನ ಅಣ್ಣಾರು ಅಂದ್ರೋ, ನೀವು ಸೇರಿಸಿದ್ರೋ?"

"ನಾ ಸೇರಿಸಿದ್ದು."

"ನೀವು ಸೇರಸಬ್ಯಾಡ್ರಿ. ಅಣ್ಣಾರು ಸಿಗರೇಟ್ ಸೇದ್ತಾರೇನ್ರಿ?"

ಈ ಪ್ರಶ್ನೆಗೆ ಕಥೆಯಲ್ಲಿ ನಾನು ಇಲ್ಲ ಎಂದು ಬರೆದಿದ್ದೆ. ಅವಳ ಮುಖ ನೋಡಿದ ಮೇಲೆ ಅದನ್ನು ಹೇಳುವ ಧೈರ್ಯ ಬರಲಿಲ್ಲ. "ಬಿಟ್ಟೀನಿ ಅಂತಾನ್ರಿ."

"ಅಂತಾರೋ, ಬಿಟ್ಟಾರೋ? ಕ್ಯಾಂಟೀನ್ ಹಿಂದಿನ ಬೇವಿನ ಗಿಡ ಹೊಗಿ ಹಿಡದು ಕೆಮ್ಮಾಕ ಹತ್ತೈತ್ರಿ. ಅಣ್ಣಾರಿಗೆ ತಿಳಿಸ್ರಿ."

ಮುಖ್ಯಸ್ಥರು ಬೇವಿನ ಗಿಡವನ್ನು ಹೇಗೆ ಅನುವಾದ ಮಾಡಿದರೋ, ಪ್ರಾಧ್ಯಾಪಕಿ ಏನನ್ನೋ ಬರೆದುಕೊಂಡರು. ಹುಡುಗಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡು, ಅದುವರೆಗೂ ನಾನು ಅವಳ ಬಾಯಲ್ಲಿ ಕೇಳಿರದ ದನಿಯಲ್ಲಿ ಕೇಳಿದಳು.

"ಅಣ್ಣಾರು ಮನ್ಯಾಗ ಯಾರಿಗೂ ಹೇಳಿಲ್ಲ, ಹೌದಲ್ರಿ?"

"ಇಲ್ಲ."

"ಅಂಜ್ಯಾರೇನ್ರಿ?"

ನನ್ನ ಕೈ ಇನ್ನೂ ತಲೆದಿಂಬಿನ ಮೇಲಿತ್ತು. "ಅಂಜ್ಯಾನ," ಎಂದೆ. ಆ ಉತ್ತರ ಕಥೆಯಲ್ಲಿ ಇರಲಿಲ್ಲ.

"ಅಂಜೂದ ಸಹಜ ಐತ್ರಿ. ಅಂಜಿದ್ದಕ್ಕ ಯಾರೂ ನಗಂಗಿಲ್ಲ. ಅವರನ್ನ ನಾಳಿ ಕರಕೊಂಡ ಬರ್ರಿ, ಒಂದು ಇಸಿಜಿ ತಗಸೂಣು. ನಾ ಬಾಜೂಕ ಇರ್ತೀನಿ. ಬರಂಗಿಲ್ಲ ಅಂದ್ರ ಹೊರಗ ಕುಂತ ಅವರ ಅತ್ತಿಗೆ ಹೇಳ್ತೀನಿ."

ಸಮಯ ಮುಗಿದ ಗಂಟೆ ಹೊಡೆಯಿತು. ಅವಳು ಎದ್ದು ಹೊರಗೆ ಹೋಗಿ ಅತ್ತೆಯ ಪಕ್ಕ ಬೆಂಚಿನ ಮೇಲೆ ಕೂತಳು. ಗಾಜಿನಿಂದ ಕಾಣುತ್ತಿತ್ತು, ಮತ್ತೆ ಸ್ಟೆತಾಸ್ಕೋಪಿನ ರಬ್ಬರು ತಿರುಚುತ್ತಿದ್ದಳು.

ಒಳಗೆ ಪ್ರಾಧ್ಯಾಪಕಿ ಪೆನ್ನನ್ನು ಕಾಗದದಿಂದ ಸ್ವಲ್ಪ ಮೇಲೆ ಹಿಡಿದು ಕೂತಿದ್ದರು. ಅಣ್ಣ ಯಾಕೆ ಬಂದ, ತಲೆದಿಂಬು ಯಾಕೆ ಬಂತು ಎಂದು ಕೇಳಿದರು. ಮುಖ್ಯಸ್ಥರು ವಿವರಿಸಲು ಹೊರಟರು. ಪಾಪ, ಅಸ್ತು ದೇವತೆಗೆ ಅವರ ಇಂಗ್ಲಿಷಿನಲ್ಲಿ ಜಾಗವಿರಲಿಲ್ಲ. ಮೇಲೆ ಒಂದು ಕಚೇರಿ ಇದೆ, ಅಲ್ಲಿ ಕೆಲವು ಅಧಿಕಾರಿಗಳಿದ್ದಾರೆ, ಕೆಳಗಿನಿಂದ ಹೋದ ಅರ್ಜಿಗಳನ್ನೆಲ್ಲ ಓದದೆ ಮಂಜೂರು ಮಾಡುತ್ತಾರೆ ಎಂಬಂತೆ ಏನೋ ಹೇಳಿದರು. ಪ್ರಾಧ್ಯಾಪಕಿ ತಾಳ್ಮೆಯಿಂದ ಕೇಳಿದರು. ಕೊನೆಗೆ ಅವರು ಹೇಳಿದ್ದು ಇಷ್ಟು: ಹುಡುಗಿ ಕೇಳಬೇಕಾದ್ದನ್ನು ಕೇಳಿದ್ದಾಳೆ, ಅದರ ಬಗ್ಗೆ ತಕರಾರಿಲ್ಲ. ಆದರೆ ತಾವು ಅಂಕ ಹಾಕಬೇಕಾದದ್ದು ಹೆದರಿದ ಮನುಷ್ಯನಿಗೆ ಧೈರ್ಯ ಹೇಳಿದ್ದಕ್ಕೆ. ಇಲ್ಲಿ ಹೆದರಿದವರು ಯಾರು? ಇಲ್ಲದ ಅಣ್ಣನೋ, ತಲೆದಿಂಬೋ? ಯಾರೂ ಹೆದರಿಲ್ಲವಾದರೆ ಅವಳು ಧೈರ್ಯ ಹೇಳಿದ್ದು ಯಾರಿಗೆ?

ಒಳ್ಳೆಯ ತರ್ಕ. ನನ್ನ ತರಗತಿಯಲ್ಲಿ ಯಾರಾದರೂ ಹೀಗೆ ವಾದಿಸಿದ್ದರೆ ಮೆಚ್ಚುತ್ತಿದ್ದೆ. ಪೆನ್ನು ಕಾಗದದ ಕಡೆ ಇಳಿಯುತ್ತಿತ್ತು. ಗಾಜಿನ ಆಚೆ ಆ ರಬ್ಬರಿನ ನಳಿಗೆ ಇನ್ನೊಂದು ಸುತ್ತು ಬಿತ್ತು.

"ಹೆದರಿದವನು ನಾನು," ಎಂದೆ. ಇಂಗ್ಲಿಷಿನಲ್ಲಿಯೇ ಅಂದೆ. ನನಗೆ ಅಣ್ಣನಿಲ್ಲ. ಎದೆ ಹಿಡಿಯುವುದು ನನ್ನದು, ಮೆಟ್ಟಿಲು ನನ್ನವು, ಸಿಗರೇಟೂ ನನ್ನದು. ಕೆಲವು ವಾರಗಳಿಂದ ಯಾರಿಗೂ ಹೇಳಿರಲಿಲ್ಲ. ಈಗಷ್ಟೇ ಆ ಹುಡುಗಿಗೆ ಹೇಳಿದೆ, ಅವಳು ಕೇಳಿದ ರೀತಿಗೆ ಹೇಳಿದೆ ಎಂದೆ.

ಮುಖ್ಯಸ್ಥರಿಗೆ ಅನುವಾದ ಮಾಡಲು ಏನೂ ಉಳಿಯಲಿಲ್ಲ. ಪ್ರಾಧ್ಯಾಪಕಿ ನನ್ನನ್ನು ದಿಟ್ಟಿಸಿದರು, ಈ ಸಲ ಪರೀಕ್ಷಕರಂತಲ್ಲ, ವೈದ್ಯರಂತೆ. ನಾನೂ ನಿಮ್ಮದೇ ವಯಸ್ಸಿನವಳು, ದೇವರ ದಯೆ, ನನ್ನ ಹೃದಯ ಇದುವರೆಗೂ ತೊಂದರೆ ಕೊಟ್ಟಿಲ್ಲ ಎಂದರು. ಎಂದವರೇ, ಬೆರಳ ಗೆಣ್ಣಿನಿಂದ ಮರದ ಮೇಜಿನ ಮೇಲೆ ಟಕ್ ಟಕ್ ಎಂದು ಕುಟ್ಟಿದರು. ಕುಟ್ಟಿದ ಮೇಲೆ ತಮ್ಮದೇ ಕೈಯನ್ನು ನೋಡಿಕೊಂಡರು. ಅವರು ಬಂದಾಗಿನಿಂದ ಪೂರ್ತಿ ನಕ್ಕದ್ದನ್ನು ನಾನು ಆಗಲೇ ಕಂಡದ್ದು. ತಮ್ಮ ಕಡೆ ಒಳ್ಳೆಯ ಮಾತಾಡಿದರೆ ಅದು ಕೆಡದಿರಲಿ ಎಂದು ಮರ ಕುಟ್ಟುತ್ತಾರೆ, ತಮ್ಮ ಅಜ್ಜಿಯಿಂದ ಬಂದ ಅಭ್ಯಾಸ ಎಂದರು. ಆಮೇಲೆ ಪೆನ್ನು ಇಳಿಸಿ ಅಂಕ ಹಾಕಿ, ಕಾಗದವನ್ನು ಮುಖ್ಯಸ್ಥರ ಕಡೆ ತಿರುಗಿಸಿದರು. ಮುಖ್ಯಸ್ಥರು ಗಾಜಿನತ್ತ ನೋಡಿ ತಲೆ ಆಡಿಸಿದರು. ಹುಡುಗಿ ಅತ್ತೆಯ ಕೈ ಹಿಡಿದುಕೊಂಡು ಜಿಗಿದದ್ದು, ಅತ್ತೆ ಸುಮ್ಮಸುಮ್ಮನೆ ತಾನೂ ಜಿಗಿದದ್ದು ಚೆನ್ನಾಗಿ ನೆನಪಿದೆ. ಇದನ್ನು ಯಾರೂ ಅಲ್ಲಗಳೆದಿಲ್ಲ.

ಇಸಿಜಿಗೆ ನಾಳೆಯವರೆಗೆ ಕಾಯಲಿಲ್ಲ. ಪ್ರಾಧ್ಯಾಪಕಿ ಬಿಡಲಿಲ್ಲ, ಅತ್ತೆಯಂತೂ ಬಿಡುವವಳೇ ಅಲ್ಲ. ಹುಡುಗಿ ಹೇಳಿದಂತೆ ಪಕ್ಕದಲ್ಲಿ ನಿಂತಳು. ಎದೆಗೆ ತಂತಿಗಳನ್ನು ಅಂಟಿಸುವಾಗ, "ಅಣ್ಣಾರ, ಅಲ್ಲಾಡಬ್ಯಾಡ್ರಿ," ಎಂದಳು. ಅಂದೂ, ಆಮೇಲೆ ಮಾಡಿದ ಪರೀಕ್ಷೆಗಳಲ್ಲೂ ಗಾಬರಿಯಾಗುವಂಥದ್ದು ಏನೂ ಸಿಗಲಿಲ್ಲ. ಹೊಟ್ಟೆಯ ಹುಳಿ ಮೇಲೇರುವುದು ಎಂದರು. ನನ್ನ ತೀರ್ಪು ಸರಿಯಾಗಿತ್ತು ಎಂದು ಹೇಳಿಕೊಳ್ಳಲು ಹೊರಟೆ. ಸಿಗರೇಟಿನ ಮಾತು ಬಂದು ಅಲ್ಲಿಗೇ ನಿಂತಿತು. ಮಿರ್ಚಿಗೂ ಒಂದು ಮಿತಿ ಬಿತ್ತು.

ಸಂಜೆ ಗಂಗಾವತಿಯ ಬಸ್ಸಿಗೆ ಅತ್ತೆಯನ್ನು ಹತ್ತಿಸಲು ಹೋದಾಗ ಅವಳು ತನ್ನ ತೀರ್ಪು ಕೊಟ್ಟಳು.

"ಬಾಗಲದ ಗಾಜಿನ್ಯಾಗಿಂದ ಎಲ್ಲಾ ನೋಡೀನಿ, ಕೇಳೀನಿ ಬಿಡು. ಆ ಬಿಳಿ ಹೆಣಮಗಳು ಟೇಬಲ್ ಕುಟ್ಟಿದ್ಲಲ್ಲೋ, ಅವರ ದೇಶದಾಗೂ ಹಲ್ಲಿ ಅದಾವೇನು?"

"ಅವರದು ಬ್ಯಾರೆ ಪದ್ಧತಿ ಅತ್ತಿ."

"ಬ್ಯಾರೆ ಏನೈತೋ, ಕುಟ್ಟೂದು ಕುಟ್ಟೂದನ. ಅದಿರಲಿ, ನನಗ ಎದಿನೋವು ಅಂತ ಅನ್ನಬಾರದಿತ್ತು ನೀನು."

"ಅಂದೆ, ಏನೂ ಆಗಲಿಲ್ಲ ನೋಡು. ನಿನ್ನ ಅಸ್ತು ದೇವತಿ ಎಲ್ಲಿ ಹೋತು?"

ಅತ್ತೆ ಸೀಟಿನಲ್ಲಿ ಕೂತು ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಇಂಗ್ಲೀಷಿನ್ಯಾಗ ಅಂದಿಯಲ್ಲೋ, ಅದಕ್ಕ ತಿಳೀಲಿಲ್ಲ. ಕನ್ನಡದಾಗ ಅಣ್ಣ ಅಂದಿ, ಅಣ್ಣಗ ಹತ್ತೈತಿ. ಶ್ಯಾಣ್ಯಾ ಅದಿ ಬಿಡು."

ಬಸ್ಸು ಹೊರಟಿತು.

ಈಗ ಆ ಕೋಣೆಯಲ್ಲಿ ತಲೆದಿಂಬು ಕಾಯಂ ಆಗಿದೆ. ಹೊಸದಾಗಿ ಬರುವ ಪಾತ್ರಧಾರಿಗಳಿಗೆ ನಾನೇ ಹೇಳುತ್ತೇನೆ: ನಿಮ್ಮ ಬಾಯಿಂದ ನಿಮಗೆ ರೋಗ ಹೇಳಿಕೊಳ್ಳುವುದು ಬೇಡ, ಇದಕ್ಕೆ ಹೇಳಿ. ಬೀಗರು ಒಪ್ಪಿಕೊಂಡಿದ್ದಾರೆ. ಕಾಕಾ ಮಾತ್ರ ತಲೆದಿಂಬಿನ ಜೊತೆ ಪಾತ್ರ ಮಾಡುವುದು ತಮ್ಮ ಘನತೆಗೆ ಕಡಿಮೆ ಎಂದು ಬಣ್ಣಕ್ಕೇ ಪಟ್ಟು ಹಿಡಿದಿದ್ದಾರೆ. ಅವರಿಗೆ ಈಗ ಚರ್ಮ ನೋಡುವ ಅಗತ್ಯವಿಲ್ಲದ ಕಾಯಿಲೆಗಳನ್ನಷ್ಟೇ ಕೊಡುತ್ತೇವೆ. ಒಂದು ಮಧ್ಯಾಹ್ನ ಯಾರೂ ಇಲ್ಲದಾಗ ಕುರ್ಚಿ ಹತ್ತಿ ಟ್ಯೂಬ್‌ಲೈಟಿನ ಹಿಂದೆ ನೋಡಿದೆ. ಧೂಳಿತ್ತು, ಒಂದು ಸತ್ತ ಪತಂಗವಿತ್ತು. ಪತಂಗವಿದ್ದಲ್ಲಿ ಹಲ್ಲಿ ಬಂದಿರಬಹುದು ಎಂಬುದು ಸಾಕ್ಷಿಯಾಗುತ್ತದೋ ಇಲ್ಲವೋ ತಿಳಿಯದೆ ಇಳಿದೆ. ಲೊಚ್ ಅಂದದ್ದು ಏಸಿಯ ಮುಚ್ಚಳ ಇರಬೇಕು ಎಂದು ಮುಖ್ಯಸ್ಥರು ಹೇಳುತ್ತಾರೆ.

ಆ ಹುಡುಗಿ ಈಗ ವಾರ್ಡಿನಲ್ಲಿದ್ದಾಳೆ. ಮಾತು ಇನ್ನೂ ಕುಡುಗೋಲೇ, ಆದರೆ ರೋಗಿಗಳು ಅವಳನ್ನೇ ಹುಡುಕಿಕೊಂಡು ಬರುತ್ತಾರೆ. ಕಾರಿಡಾರಿನಲ್ಲಿ ಎದುರಾದಾಗಲೆಲ್ಲ ಜೂನಿಯರುಗಳ ಮುಂದೆಯೇ ಗಟ್ಟಿಯಾಗಿ ಕೇಳುತ್ತಾಳೆ: "ಸರ, ಅಣ್ಣಾರು ಹೆಂಗದಾರ್ರಿ? ಬೇವಿನ ಗಿಡದ ಕಡೆ ಹೋಗ್ಯಾರೇನ್ರಿ?" ಇದನ್ನು ಕೇಳಿ ಕೇಳಿ ಕಾಲೇಜಿನ ಅರ್ಧ ಜನ ನನಗೊಬ್ಬ ಕಾಯಿಲೆಯ ಅಣ್ಣನಿದ್ದಾನೆ ಎಂದೇ ನಂಬಿದ್ದಾರೆ. ಕ್ಯಾಂಟೀನಿನವನು ಅವನಿಗೆಂದು ಖಾರ ಕಡಿಮೆ ಹಾಕಿದ ಮಂಡಾಳ ಕಟ್ಟಿಕೊಡುತ್ತಾನೆ. ನಾನು ಮೇಲಿನ ಮಹಡಿಗೆ ಹೋಗಿ ಅದನ್ನು ತಿನ್ನುತ್ತೇನೆ.

ಮೊನ್ನೆಯೂ ಕೇಳಿದಳು. "ಆರಾಮ ಅದಾನವ್ವಾ," ಎಂದೆ. "ಗಿಡದ ಕಡೆ ಹೋಗಿಲ್ಲ."

ಅವಳು ನನ್ನ ಮುಖ ಬಿಟ್ಟು ಕೈ ನೋಡುತ್ತಿದ್ದಳು. ಪಕ್ಕದ ಬಾಗಿಲ ಮರದ ಚೌಕಟ್ಟಿನ ಮೇಲೆ ನನ್ನ ಬೆರಳು ಇತ್ತು. ನಾನು ಕುಟ್ಟಿದೆ ಎಂದು ಅವಳು ಹೇಳುತ್ತಾಳೆ. ಸುಮ್ಮನೆ ಆನಿಸಿಕೊಂಡಿದ್ದೆ ಎಂದು ನನ್ನ ನೆನಪು.